ತೂತುಗಳ ಕಸುಬು

ಟರ್ಪಿನಿಯಾಲ್‌ಗೆ ಹೂವಿನ ಕಂಪಿದೆ. ಮಂದವಾದ ಆ ದ್ರವದಲ್ಲಿ ಈಥೈಲ್ ಸೆಲ್ಯುಲೋಸ್ ಕರಗಿಸಿ, ಲ್ಯಾಂಥನಮ್, ಸ್ಟ್ರಾನ್ಷಿಯಮ್, ಕೋಬಾಲ್ಟ್, ಕಬ್ಬಿಣ ಕೂಡಿದ ಆಕ್ಸೈಡಿನ ಕಪ್ಪು ಹಿಟ್ಟು ಬೆರೆಸಿ ನುಣ್ಣಗೆ ಅರೆಯಲು ಕೂತರೆ ನನಗೆ ಹೊತ್ತಿನ ಪರಿವೆ ಇರುವುದಿಲ್ಲ. ಅರೆಯುವ ಯಂತ್ರವಿದೆ, ನಿಜ. ಆದರೂ ಶಾಯಿ ಹದಕ್ಕೆ ಬಂತೇ ಎಂದು ಹೇಳುವುದು ಚಮಚದಿಂದ ಇಳಿಯುವ ಅದರ ಧಾರೆಯೇ.

ಹಬೆಯನ್ನು ಕರೆಂಟಿನಿಂದ ಒಡೆಯುವ ಸೆರಾಮಿಕ್ ಕೋಶಕ್ಕೆ ಗಾಳಿ ಬದಿಯ ಎಲೆಕ್ಟ್ರೋಡ್ ಆಗುವುದು ಈ ಶಾಯಿ. ಕಾವು 700ರಿಂದ 800 ಡಿಗ್ರಿ ಸೆಲ್ಸಿಯಸ್. ಆಚೆ ಬದಿಯಲ್ಲಿ ಹಬೆಯಿಂದ ಹೈಡ್ರೋಜನ್ ಬಿಡಿಸಿಕೊಳ್ಳುತ್ತದೆ. ಆಕ್ಸಿಜನ್ ಅಯಾನುಗಳು ಜಿರ್ಕೋನಿಯಾದ ತೆಳು ಪದರ ತೂರಿ ಈಚೆ ಬಂದು ಅನಿಲವಾಗುತ್ತವೆ. ದುಡ್ಡೆಲ್ಲ ಹೈಡ್ರೋಜನ್ನಿಗೆ, ಆಕ್ಸಿಜನ್ನನ್ನು ಕೇಳುವವರು ಕಡಿಮೆ. ಅದಕ್ಕೆ ತಕ್ಕ ಮರ್ಯಾದೆ ಸಿಕ್ಕಿದ್ದು ಮಂಗಳ ಗ್ರಹದಲ್ಲಿ: ಪರ್ಸಿವರೆನ್ಸ್ ರೋವರಿನ ಮಾಕ್ಸಿ ಉಪಕರಣ ಇದೇ ಜಾತಿಯ ಕೋಶಗಳಿಂದ 2021–2023ರಲ್ಲಿ ಅಲ್ಲಿನ ಇಂಗಾಲದ ಡೈಆಕ್ಸೈಡ್ ಒಡೆದು 122 ಗ್ರಾಂ ಆಕ್ಸಿಜನ್ ತೆಗೆಯಿತು.

ಹೊರಡುವ ಆಕ್ಸಿಜನ್ನಿಗೆ ದಾರಿ ಕೊಡದಿದ್ದರೆ ಅದು ಸುಮ್ಮನಿರುವುದಿಲ್ಲ. ಹಳೆಯ ಎಲೆಕ್ಟ್ರೋಡ್ ವಸ್ತುವಾದ ಲ್ಯಾಂಥನಮ್-ಸ್ಟ್ರಾನ್ಷಿಯಮ್ ಮ್ಯಾಂಗನೈಟ್ ಎಲೆಕ್ಟ್ರಾನುಗಳನ್ನು ಸರಾಗವಾಗಿ ಒಯ್ಯುತ್ತದೆ, ಅಯಾನುಗಳನ್ನು ಒಲ್ಲದು. ಹಾಗಾಗಿ ಎರಡು ಪದರ ಕೂಡುವಲ್ಲೇ ಒತ್ತಡ ಏರಿ, ಎಲೆಕ್ಟ್ರೋಡ್ ಹಕ್ಕಳೆಯಾಗಿ ಏಳುತ್ತದೆ. ಇಂಧನ ಕೋಶದಲ್ಲಿ ಬಾಳಿಕೆ ಬಂದ ಅದೇ ಪದರ, ಕರೆಂಟಿನ ದಿಕ್ಕು ತಿರುಗಿಸಿದ್ದಕ್ಕೆ ಕಳಚಿಕೊಳ್ಳುತ್ತದಲ್ಲ! ದಿಕ್ಕನ್ನು ಆಗಾಗ ಬದಲಿಸುತ್ತಿದ್ದರೆ ಹಾನಿ ಬಹುಮಟ್ಟಿಗೆ ತಪ್ಪುತ್ತದೆ ಎಂದು ಡೆನ್ಮಾರ್ಕಿನ ಸಂಶೋಧಕರು 2015ರಲ್ಲಿ ತೋರಿಸಿದರು.

ನನ್ನ ಕಪ್ಪು ಹಿಟ್ಟು ಎಲೆಕ್ಟ್ರಾನು, ಅಯಾನು ಎರಡನ್ನೂ ಒಯ್ಯುತ್ತದೆ. ಆದರೆ ಕಾದಾಗ ಜಿರ್ಕೋನಿಯಾಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಅದರ ಸ್ಟ್ರಾನ್ಷಿಯಮ್ ಜಿರ್ಕೋನಿಯಾದೊಡನೆ ಸೇರಿ, ಅಯಾನುಗಳಿಗೆ ದಾರಿ ಬಿಡದ ಸಂಯುಕ್ತ ಕಟ್ಟುತ್ತದೆ. ನಡುವೆ ಗ್ಯಾಡೋಲಿನಿಯಮ್ ಬೆರೆತ ಸೀರಿಯಾದ ತೆಳು ತಡೆ ಹಚ್ಚುವುದು ಅದಕ್ಕೇ.

ನಿಜವಾದ ರುಚಿ ಇರುವುದು ಸುಡುವುದರಲ್ಲಿ. 1,000–1,100 ಡಿಗ್ರಿ. ಕಾವು ಸಾಲದಿದ್ದರೆ ಕಣಗಳು ಅಂಟುವುದಿಲ್ಲ, ಬೆರಳು ತಾಕಿದರೆ ಪುಡಿ. ಹೆಚ್ಚಾದರೆ ರಂಧ್ರಗಳು ಮುಚ್ಚಿ ಬರೀ ಗಟ್ಟಿ ಬಿಲ್ಲೆ. ಎಲ್ಲರ ಮನೆ ದೋಸೆಯೂ ತೂತು ಎಂದು ಜನ ಸಮಾಧಾನ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ತೂತಿಲ್ಲದ್ದೇ ದೋಷ. ಮೂರರಲ್ಲೊಂದು ಪಾಲು ಖಾಲಿ ಇರಬೇಕು, ಆ ಖಾಲಿ ಜಾಗಗಳು ಒಂದಕ್ಕೊಂದು ಕೂಡಿಕೊಂಡಿರಬೇಕು. ಮೊದಲ ದಿನದ ಕರೆಂಟಿನಲ್ಲಿ ಮೆರೆಯುವ ಪದರಕ್ಕಿಂತ, ಸಾವಿರ ಗಂಟೆ ಕಳೆದರೂ ಹೆಚ್ಚು ವೋಲ್ಟೇಜ್ ಕೇಳದ ಸಾದಾ ಪದರವೇ ನನಗೆ ಮೆಚ್ಚು.

ಕೊನೆಗೆ ಕೋಶ ಮುರಿದು ಅದರ ಅಂಚನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಸುಖವೂ ಇದೆ. ಈ ಸಲ ಕಣಗಳ ನಡುವಿನ ಕತ್ತು ತೀರ ಸಪೂರ. ಇನ್ನೊಂದಿಪ್ಪತ್ತು ಡಿಗ್ರಿ ಏರಿಸಿ ನೋಡಬೇಕು. ಶಾಯಿ ಹೇಗೂ ಉಳಿದಿದೆ.