ಸೆರಗು ಕಲಿಸಿದ ಪಾಠ

ಸಾರಿನ ಪುಡಿ ಮಾಡಿ ನಾಲ್ಕು ಮನೆಗೆ ಕೊಡೋಣ ಅಂತ ಶುರು ಮಾಡಿದ್ದು, ನೋಡನೋಡುತ್ತಾ ನಲವತ್ತು ಮನೆಯಾಯಿತು. ಹಿತ್ತಲ ಕೋಣೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಹುರಿಯಲು ಕೂತೆನೆಂದರೆ ಮನೆಮಂದಿಗೆಲ್ಲ ಸೀನು. ಅತ್ತೆಯವರಿಗಂತೂ ಮೊದಲೇ ಉಬ್ಬಸ. "ನಿನ್ನ ಪುಡಿ ನನ್ನನ್ನೇ ಪುಡಿ ಮಾಡುತ್ತೆ ಕಣೇ" ಎಂದು ಕೆಮ್ಮುತ್ತಲೇ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಕೊನೆಗೆ ನಮ್ಮವರು ಮುಚ್ಚಿಹೋದ ಗಿರಣಿಯೊಂದರಿಂದ 18 ಇಂಚಿನ ಹಳೆಯ ಎಕ್ಸಾಸ್ಟ್ ಫ್ಯಾನ್ ತಂದರು. ಅಡುಗೆಮನೆಯ ಪುಟ್ಟ ಫ್ಯಾನಲ್ಲ. ಕಬ್ಬಿಣದ ಚೌಕಟ್ಟು, ಇಬ್ಬರು ಹಿಡಿದು ಎತ್ತುವಂಥದ್ದು. "ಗೋಡೆ ಒಡೆಸೋ ಮುಂಚೆ ತಿರುಗುತ್ತೋ ಇಲ್ಲವೋ ನೋಡೋಣ" ಅಂತ ನೆಲದ ಮೇಲೆ ನಿಲ್ಲಿಸಿ ಸ್ವಿಚ್ ಒತ್ತಿಯೇಬಿಟ್ಟರು.

ಅಬ್ಬಾ! ಒಮ್ಮೆ ಕುಪ್ಪಳಿಸಿ ನನ್ನ ಕಡೆಗೇ ವಾಲಿತು. ಅದಕ್ಕೆ ಜಾಲರಿಯೂ ಇರಲಿಲ್ಲ. ಗಾಳಿ ಎಳೆದ ರಭಸಕ್ಕೆ ಸೆರಗು ರೆಕ್ಕೆಗೆ ಸುತ್ತಿಕೊಂಡಿತು. ಹಳೆಯ ವಾಯಿಲ್ ಸೀರೆ, ಪರ್ರನೆ ಹರಿಯಿತು, ನಾನು ಉಳಿದೆ. ಗಟ್ಟಿ ಸೀರೆಯಾಗಿದ್ದರೆ? ಸೆರಗಿನ ಬದಲು ಜಡೆಯಾಗಿದ್ದರೆ? ಆ ರಾತ್ರಿ ನಮಗಿಬ್ಬರಿಗೂ ನಿದ್ದೆಯಿಲ್ಲ.

ಮಾರನೆಯ ದಿನ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನರನ್ನು ಕರೆಸಿದೆವು. ಅವರು ಬೈದದ್ದನ್ನು ಬರೆಯುವುದಿಲ್ಲ, ಹೇಳಿಕೊಟ್ಟದ್ದನ್ನು ಬರೆಯುತ್ತೇನೆ.

ಕೆಲಸಕ್ಕೆ ಮುಂಚೆ ಬರೀ ಸ್ವಿಚ್ಚಲ್ಲ, ಮೈನೇ ಆರಿಸಬೇಕು. ಫ್ಯಾನನ್ನು ಚೌಕಟ್ಟು ಹಿಡಿದೇ ಎತ್ತಬೇಕು; ರೆಕ್ಕೆ ಹಿಡಿದು ಎತ್ತಿದರೆ ಸೊಟ್ಟಗಾಗಿ ಆಮೇಲೆ ಗಡಗಡ ನಡುಗುತ್ತದೆ. ಬಿಸಿ ಹೊಗೆ ಮೇಲೇರುವುದರಿಂದ ಫ್ಯಾನ್ ಗೋಡೆಯಲ್ಲಿ ಎತ್ತರಕ್ಕಿರಬೇಕು, ಆದಷ್ಟೂ ಬಾಗಿಲು ಕಿಟಕಿಗಳ ಎದುರಿಗೆ. ಒಳಗೆ ಹೊಸ ಗಾಳಿ ಬಾರದೆ ಹೊರಗೆ ಹೋಗುವುದಾದರೂ ಏನು, ಹೇಳಿ! ಬೋಲ್ಟ್ ಹೂತ ಸಿಮೆಂಟಿಗೆ ನೀರು ಹಾಕುತ್ತಾ ಒಂದು ವಾರ ಕಾದೆವು. ಆಮೇಲೆ ಫ್ಯಾನ್ ಕೂರಿಸಿ, ಲೋಹದ ಮೈಗೆ ಅರ್ಥಿಂಗ್ ತಂತಿ ಕೊಟ್ಟು, ಒಳಗಡೆ ಜಾಲರಿ ಬಿಗಿದರು. ಜಾಲರಿ ಬಿಗಿಯುವ ಮೊದಲೇ ರೆಕ್ಕೆಯನ್ನು ಕೈಯಲ್ಲಿ ತಿರುಗಿಸಿ ಎಲ್ಲೂ ತಾಗುತ್ತಿಲ್ಲವೆಂದು ನೋಡಿದ್ದರು. ಎಲ್ಲ ಮುಗಿದ ಮೇಲೆ ಕರೆಂಟು. ಜಾಲರಿಯ ಬಳಿ ಕಾಗದ ಹಿಡಿದೆ, ಟಪ್ಪನೆ ಅಂಟಿತು. ಅದು ದೂರ ಹಾರಿದರೆ ಫ್ಯಾನ್ ತಿರುಗಾಮುರುಗಾ ಎಂದೇ ಅರ್ಥ.

ಇನ್ನೊಂದು ಮಾತು, ದಯವಿಟ್ಟು ನೆನಪಿಡಿ. ಅಡುಗೆ ಅನಿಲ ಸೋರಿದ ವಾಸನೆ ಬಂದರೆ "ಫ್ಯಾನ್ ಹಾಕಿ ಹೊರಗೆ ಕಳಿಸೋಣ" ಎಂದು ಸ್ವಿಚ್ಚಿಗೆ ಕೈ ಹಾಕಲೇಬೇಡಿ. ಒಂದು ಕಿಡಿ ಸಾಕು. ಆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿರುತ್ತದೆ. ಒಲೆ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಅಲ್ಲಿಂದ 1906ಕ್ಕೆ ಫೋನ್ ಮಾಡಿ.

ಈಗ ನಾನು ಸೆರಗು ಸಿಕ್ಕಿಸಿ, ಜಡೆಯನ್ನು ತುರುಬು ಕಟ್ಟಿಯೇ ಒಲೆಯ ಮುಂದೆ ಕೂರುವುದು. ಅತ್ತೆಯವರು ಬಾಗಿಲಲ್ಲಿ ಕೂತು ಕೊತ್ತಂಬರಿ ಬೀಜ ಆರಿಸಿಕೊಡುತ್ತಾರೆ. ಕೆಮ್ಮು ಕಡಿಮೆ, ಮಾತು ಜಾಸ್ತಿ. ಹರಿದ ಸೆರಗಿನ ತುಂಡನ್ನು ಬಿಸಾಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಮೈನ್ ಆರಿಸಿ, ಅದರಿಂದಲೇ ರೆಕ್ಕೆಯ ಜಿಡ್ಡು ಒರೆಸುತ್ತೇನೆ.