ಕೆಮ್ಮಣ್ಣುಗುಂಡೀಲಿ ಗೋಧಿ ಇಲ್ಲದ ಊಟ

ಗೋಧಿ ತಿನ್ನಲ್ಲ ಅಂದ್ರೆ ನಮ್ ಜನಕ್ಕೆ ಅರ್ಥಾನೇ ಆಗಲ್ಲ ನೋಡಿ. ಶುಗರ್ ಇದ್ದೋರಿಗೆಲ್ಲ ಅನ್ನ ಬಿಡಿ, ಚಪಾತಿ ತಿನ್ನಿ ಅಂತ ಹೇಳಿ ಹೇಳಿ ರೂಢಿ. ನಮ್ಮನೇಲಿ ಉಲ್ಟಾ. ಮಗಳಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿಯಲ್ಲಿರೋ ಗ್ಲುಟನ್ ಹೊಟ್ಟೆಗೆ ಹೋದ್ರೆ ಸಣ್ಣ ಕರುಳಿನ ಒಳಪದರ ಹಾಳಾಗುತ್ತೆ. ವಾಸಿ ಮಾಡೋ ಮಾತ್ರೆ ಇಲ್ಲ, ಜೀವನಪೂರ್ತಿ ಪಥ್ಯ. ಒಂದು ಚೂರು ತಾನೇ ಅನ್ನೋ ಹಾಗಿಲ್ಲ.

ಹಂಗಾಗಿ ಎರಡು ವರ್ಷದಿಂದ ಅವಳು ಎಲ್ಲಿಗೂ ಬರ್ತಿರ್ಲಿಲ್ಲ. "ನೀವು ಹೋಗ್ಬನ್ನಿ, ನನ್ ಡಬ್ಬಿ ರಾಮಾಯಣ ಯಾರಿಗ್ ಬೇಕು" ಅನ್ನೋಳು. ಈ ಸಲ ನಾನೇ ಹಟ ಹಿಡ್ದೆ. ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ ಕೆಮ್ಮಣ್ಣುಗುಂಡಿಗೆ ಹೋದ್ವಿ, ಎರಡು ರಾತ್ರಿಗೆ. ಹಿಂದೆ ಭದ್ರಾವತಿ ಕಾರ್ಖಾನೆಗೆ ಅದಿರು ಹೋಗ್ತಿದ್ದ ಬೆಟ್ಟ ಅದು. ಚಪ್ಪಲಿಗೆಲ್ಲ ಕೆಂಪು ಮಣ್ಣು.

ಅಕ್ಕಿ ತಿನ್ನೋ ಸೀಮೆ, ಊಟಕ್ಕೇನ್ ಕಷ್ಟ ಅಂತೀರಾ? ಕಣ್ಣಿಗೆ ಕಾಣೋ ಚಪಾತಿ, ಉಪ್ಪಿಟ್ಟು, ಕೇಸರಿಬಾತು ಬಿಡಬಹುದು. ಕಾಣದೇ ಇರೋದಕ್ಕೇ ಹೆದರಬೇಕು. ಅಂಗಡಿ ಇಂಗಿನ ಡಬ್ಬಿ ತಿರುಗಿಸಿ ಓದಿ, ಬಹಳಷ್ಟರಲ್ಲಿ ಗೋಧಿ ಹಿಟ್ಟೋ ಮೈದಾನೋ ಸೇರಿರುತ್ತೆ. ಆ ಇಂಗು ಸಾರಲ್ಲಿ, ಉಪ್ಪಿನಕಾಯಲ್ಲಿ, ಮಜ್ಜಿಗೆ ಒಗ್ಗರಣೇಲಿ. ಚಪಾತಿ ಬೇಯಿಸಿದ ಹೆಂಚಲ್ಲೇ ದೋಸೆ, ಪೂರಿ ಕರಿದ ಎಣ್ಣೇಲೇ ಹಪ್ಪಳ. ಅಕ್ಕಿ ರೊಟ್ಟಿ ಹರೀದೇ ಇರ್ಲಿ ಅಂತ ಒಂದು ಹಿಡಿ ಮೈದಾ ಹಾಕೋರೂ ಇದಾರೆ!

ಹೋಟೆಲಲ್ಲಿ ಅಡುಗೆಯವರನ್ನೇ ಕೇಳಿದ್ವಿ. "ಶುಗರ್ರಾ ಅಮ್ಮ? ಬಿಸಿ ಬಿಸಿ ಚಪಾತಿ ಮಾಡ್ಕೊಡ್ತೀನಿ" ಅಂದ್ರು. ನಾನು ಬಾಯಿ ತೆಗೆಯೋ ಮುಂಚೆ ಮಗಳೇ ಅಡುಗೆಮನೆಗೆ ಹೋದ್ಲು. ಹೋಟೆಲ್ ಊಟ ಅಂದ್ರೆ ಮುಖ ತಿರುಗಿಸ್ತಿದ್ದವಳು! ಪಾತ್ರೆ, ಸೌಟು ಬೇರೆ ಬೇಕು, ಮೈದಾ ಮುಟ್ಟಿದ ಕೈ ತೊಳ್ಕೋಬೇಕು ಅಂತ ಒಂದೊಂದೇ ಹೇಳಿದ್ಲು. ಅವರು ಇಂಗಿನ ಡಬ್ಬೀನ ಕಿಟಕಿ ಬೆಳಕಿಗೆ ಹಿಡಿದು ಓದಿ, "ಇಷ್ಟ್ ವರ್ಷದಿಂದ ಹಾಕ್ತಿದೀನಿ, ಇದ್ರಲ್ಲಿ ಗೋಧಿ ಐತೆ ಅಂತ ಇವತ್ತೇ ಗೊತ್ತಾಗಿದ್ದು ಕಣಮ್ಮ" ಅಂದ್ರು.

ರಾತ್ರಿ ಬೆಳ್ಳುಳ್ಳಿ ಒಗ್ಗರಣೆ ಸಾರು, ಅನ್ನ, ಬೇರೆ ಬಾಣಲೇಲಿ ಬೀನ್ಸ್ ಪಲ್ಯ. ಬೆಳಗ್ಗೆ ಕಿಟಕಿ ಹೊರಗೆ ಏನೂ ಕಾಣದಷ್ಟು ಮಂಜು, ತಟ್ಟೇಲಿ ಅಕ್ಕಿ ತರಿ ಕಡುಬು, ಕಾಯಿ ಚಟ್ನಿ. ಹಬೇಲಿ ಬೇಯೋದಕ್ಕೆ ಹೆಂಚಿನ ತಂಟೆ ಇಲ್ಲವಲ್ಲ. ಎರಡು ತಿಂದು, "ಅಣ್ಣ, ಇನ್ನೆರಡು ಹಾಕಿ" ಅಂದ್ಲು. ನಾನು ಕಟ್ಕೊಂಡ್ ಹೋಗಿದ್ದ ರಾಗಿ ರೊಟ್ಟಿ ಕಾರಲ್ಲೇ ಒಣಗ್ತಾ ಇತ್ತು.