ತೆರಿಗೆ ಕಟ್ಟುವ ಅಕ್ಕ

ಹೊಸನಗರದಿಂದ ಸಾಗರದ ಬಸ್ಸಲ್ಲಿದೀನಿ. ಪಕ್ಕದಲ್ಲಿ ಕೂತ ಅಕ್ಕ ಪ್ಲಾಸ್ಟಿಕ್ ಕವರಿಂದ ಒಂದು ಚೀಟಿ ತೆಗೆದು, "ಇದ್ರಲ್ಲಿ ಎಂತ ಬರ್ದಿದೆ, ಸ್ವಲ್ಪ ನೋಡಿ ಹೇಳಿ ಮಾರಾಯ್ರೆ" ಅಂದ್ರು. ಗೃಹಲಕ್ಷ್ಮಿ ಸ್ಟೇಟಸ್ಸು. ಇವರು ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಂತೆ, ಹಾಗಾಗಿ ಹಣ ಇಲ್ಲ!

ಅವರ ಕೈ ನೋಡಿದೆ. ಅಡಿಕೆ ಸುಲಿದೂ ಸುಲಿದೂ ಬೆರಳು ಚೊಗರು ಹತ್ತಿ ಕಪ್ಪಾಗಿದೆ. ಮೆಟ್ಟುಗತ್ತಿ ತಾಗಿದ ಹೆಬ್ಬೆರಳಿಗೆ ಬಟ್ಟೆ ಚೂರು ಸುತ್ತಿದೆ. "ಜಿಎಸ್‌ಟಿ ಅಂದ್ರೆ ಎಂತದು?" ಅಂತ ನನ್ನನ್ನೇ ಕೇಳಿದ್ರು. ನಾನು ಎಂತ ಹೇಳ್ಲಿ?

2023ರ ಆಗಸ್ಟಲ್ಲಿ ಶುರುವಾದ ಯೋಜನೆ, ಮನೆ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಆಕೆಯೋ ಗಂಡನೋ ತೆರಿಗೆ ಕಟ್ಟುವವರಾದ್ರೆ ಕೊಡಲ್ಲ. ಅದು ಸರಿ. ಆದ್ರೆ ಕಟ್ಟದವರೂ ಆ ಪಟ್ಟಿಗೆ ಸೇರಿಕೊಂಡಿದ್ದು ರಾಜ್ಯದ ಎಷ್ಟೋ ಕಡೆ ಆಗಿದೆ. ಈಗ "ನಾನು ತೆರಿಗೆ ಕಟ್ಟಲ್ಲ" ಅನ್ನೋದಕ್ಕೆ ಅಕ್ಕನೇ ಕಾಗದ ತರಬೇಕಂತೆ. ಮಾಡದೇ ಇದ್ದದ್ದಕ್ಕೆ ಸಾಕ್ಷಿ ಎಲ್ಲಿಂದ ತರೋದು?

ಇದಕ್ಕಾಗಿ ಅಕ್ಕಂದು ಇದು ಮೂರನೇ ಓಡಾಟ. ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಶಕ್ತಿ ಯೋಜನೆಯ ಪುಕ್ಕಟೆ ಟಿಕೆಟ್ ಇದರಲ್ಲಿ ನಡೆಯಲ್ಲ. ಚಾರ್ಜೂ ಹೋಯ್ತು, ಇವತ್ತಿನ ಸುಲಿಯೋ ಕೂಲಿನೂ ಹೋಯ್ತು. ಅಂಗಡಿಯವರು ಸಾಲದ ಪುಸ್ತಕ ತೆಗೆದ್ರೆ ಸಾಕು, ಇವರು ಬೇರೆ ದಾರಿ ಹಿಡಿದು ಮನೆಗೆ ಹೋಗ್ತಾರಂತೆ. ನಗ್ತಾನೇ ಹೇಳಿದ್ರು.

ಸಾಗರ, ತೀರ್ಥಹಳ್ಳಿ ಕಡೆ ಯಾರಿಗಾದ್ರೂ ಹೀಗಾಗಿ ಆಮೇಲೆ ಸರಿಯಾಗಿದ್ಯಾ? ಯಾವ ಕಾಗದ ಕೊಟ್ರಿ, ಎಷ್ಟು ದಿನ ಹಿಡೀತು? ಬೇಗ ಹೇಳಿ, ಬಟ್ಟೆಮಲ್ಲಪ್ಪ ದಾಟಿದೆ. ಸಾಗರ ಬರೋದ್ರೊಳಗೆ ಅಕ್ಕಂಗೆ ಇಲ್ಲೇ ಓದಿ ಹೇಳ್ತೀನಿ.